ಎಂಟನೆಯ ಉಂಡೆ

ತಮ್ಮನ ಮೊಮ್ಮಗಳು ಸುಮನಾಳಿಗೆ ಕಳೆದ ತಿಂಗಳು ಕ್ರಾಫ್ಟ್ ಟೀಚರ್ ಕೆಲಸದ ಆರ್ಡರ್ ಬಂತು. ಸಿಹಿ ಕೊಡಲಿಕ್ಕೆ ಬಂದವಳು ನನ್ನ ಮಂಚದ ತುದಿಯಲ್ಲಿ ಕೂತು ಕೇಳಿದಳು: "ಟೀಚರಜ್ಜಿ, ನೀವು ಶಾಲೆಯಲ್ಲಿ ಎಂತ ಕಲಿಸ್ತಿದ್ದದ್ದು?"

"ಉಣ್ಣೆ ಹೆಣಿಗೆ."

"ಅಯ್ಯೋ! ನಮ್ಮ ಊರಿನ ಸೆಕೆಗೆ ಉಣ್ಣೆಯಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಗಲಿ ಬಿಡಿ. ನಾನು ಕೆಲಸಕ್ಕೆ ಸೇರಿದ ದಿನದಿಂದ ಊರಿಡೀ ನಕ್ಕಿದೆ, ಇವಳೊಬ್ಬಳು ಹೆಚ್ಚಲ್ಲ. ಆದರೆ ನಕ್ಕಾದ ಮೇಲೆ ಅವಳೇ, "ಆ ಕಾಲದಲ್ಲಿ ಹೇಗಿತ್ತು ಅಂತ ಬರೆದು ಕೊಡಿ, ನನಗೆ ಬೇಕಾಗ್ತದೆ" ಎಂದು ಒಂದು ಪುಸ್ತಕ ತಂದಿಟ್ಟು ಹೋದಳು. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯಲಿಕ್ಕೆ ಏನೂ ಇಲ್ಲ. ಹೆಣಿಗೆ ಟೀಚರಿಗೆ ಬಡ್ತಿ ಎಂಬುದೇ ಇರಲಿಲ್ಲ. ಸೇರಿದ ದಿನ ಕೂತ ಕುರ್ಚಿಯಿಂದಲೇ ನಿವೃತ್ತಿಯ ದಿನ ಎದ್ದು ಬಂದೆ, ನಡುವೆ ಒಮ್ಮೆ ಅದರ ಕಾಲು ಬದಲಾಯಿಸಿದ್ದರು ಅಷ್ಟೆ.

ನಾನು ಹೆಣಿಗೆ ಕಲಿತದ್ದು ಮೂವತ್ತರ ದಶಕದಲ್ಲಿ, ಮಂಗಳೂರಿನ ಟ್ರೇನಿಂಗ್ ಶಾಲೆಯಲ್ಲಿ. ಕಲಿಸಿದವರು ಒಬ್ಬರು ಮುದುಕಿ ಮದಾಮು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ನನಗೆ ಇಂಗ್ಲಿಷ್ ಸೊನ್ನೆ. ಎರಡು ಕಡ್ಡಿ, ಒಂದು ನೂಲು ಇದ್ದರೆ ಮಾತು ಬೇಕಾಗಲಿಲ್ಲ. ಗಂಟು ಹಾಕದೆ, ಕತ್ತರಿಸದೆ, ಒಂದೇ ಎಳೆ ಓಡಿ ಓಡಿ ಬಟ್ಟೆಯಾಗುವುದನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಂ ಎಂದಿತು. ಇವತ್ತಿಗೂ ಹಾಗೆಯೇ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಯಕ್ಷಗಾನ, ನನಗೆ ಇದು. ಮದುವೆಯ ಮಾತು ಬಂದಾಗಲೂ ನಾನು ಅರ್ಧ ಆಗಿದ್ದ ಸ್ವೆಟರನ್ನು ಮುಗಿಸಿ ಹೇಳುತ್ತೇನೆ ಎಂದಿದ್ದೆನಂತೆ. ಬಂದವರು ಚಾ ಕುಡಿದು ಎದ್ದು ಹೋದರು.

ನನ್ನ ಶಾಲೆ ಇದ್ದದ್ದು ಹೊಸಂಗಡಿಯಿಂದ ಒಳಗೆ, ಮೀಂಜದ ದಾರಿಯಲ್ಲಿ. ಆಗ ನಾವು ಮದ್ರಾಸು ಪ್ರಾಂತ್ಯದವರು. ಎಂಟನೆಯವರೆಗೆ ತರಗತಿ, ನಾಲ್ಕನೆಯದರಿಂದ ಮೇಲಿನ ಹುಡುಗಿಯರಿಗೆ ವಾರಕ್ಕೆ ಎರಡು ಸಲ ಹೆಣಿಗೆ. ಕಡ್ಡಿಗಳನ್ನು ಪೇಟೆಯಿಂದ ತರಿಸುವ ಯೋಗ್ಯತೆ ಶಾಲೆಗೆ ಇರಲಿಲ್ಲ. ಹೊಸಂಗಡಿಯ ಸೈಕಲ್ ಶಾಪಿನವನು ಕೊಟ್ಟ ಹಳೆ ಸ್ಪೋಕುಗಳನ್ನು ಕಲ್ಲಿಗೆ ತಿಕ್ಕಿ ತುದಿ ಮಾಡಿಕೊಳ್ಳುತ್ತಿದ್ದೆವು. ಸುಮನಾ, ಇದನ್ನು ಮಾತ್ರ ನೆನಪಿಟ್ಟುಕೋ: ತರಗತಿ ಮುಗಿಯುವವರೆಗೆ ಹುಡುಗಿಯರು ಜಡೆ ಮುಟ್ಟಬಾರದು. ನಮ್ಮ ಮಕ್ಕಳ ತಲೆಯಲ್ಲಿ ಕೂದಲಿಗಿಂತ ತೆಂಗಿನೆಣ್ಣೆ ಜಾಸ್ತಿ. ಒಂದು ಸಲ ಜಡೆ ಮುಟ್ಟಿದ ಕೈ ಉಣ್ಣೆ ಮುಟ್ಟಿದರೆ ನೂಲು ದೀಪದ ಬತ್ತಿಯಾಗುತ್ತದೆ. ಕೈ ಬೆವರಿದರೆ ಒಲೆಯ ಬೂದಿ ಚೂರು ತಿಕ್ಕಿಸು. ಮತ್ತೆ, ಮಗು ಕೆಲಸ ತಂದು ತೋರಿಸಿದಾಗ ಮೊದಲು ಅದನ್ನು ತಿರುವಿ ಒಳಬದಿ ನೋಡು. ಹೊರಬದಿ ಎಲ್ಲರೂ ಚಂದ ಮಾಡುತ್ತಾರೆ, ತಪ್ಪು ಸಿಗುವುದು ಒಳಗೆ. "ಒಳಬದಿ ಮೊದಲು" ಎಂದು ನಾನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದೆ. ಮಕ್ಕಳು ನನ್ನ ಬೆನ್ನ ಹಿಂದೆ ನನ್ನನ್ನೇ ಹಾಗೆ ಕರೆಯುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ಶಾಲೆಯ ಉಣ್ಣೆ ಶಾಲೆಯದ್ದು. ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ಎಂಟು ಉಂಡೆ ಬೂದು ಬಣ್ಣದ ಉಣ್ಣೆ. ಮಕ್ಕಳು ವರ್ಷವಿಡೀ ಹೆಣೆಯಬೇಕು, ಮಾರ್ಚಿನಲ್ಲಿ ನಾನು ನೋಡಿ ಮಾರ್ಕು ಹಾಕಬೇಕು, ಆಮೇಲೆ ಅವರೇ ಅದನ್ನು ಬಿಚ್ಚಿ ಉಂಡೆ ಸುತ್ತಿ ಪೆಟ್ಟಿಗೆಗೆ ಹಾಕಬೇಕು. ಮುಂದಿನ ವರ್ಷ ಅದೇ ನೂಲು, ಬೇರೆ ಮಕ್ಕಳು. ಎಷ್ಟೋ ವರ್ಷ ಒಂದೇ ಎಳೆ ಸ್ಕಾರ್ಫ್ ಆಯಿತು, ಚೀಲ ಆಯಿತು, ಮತ್ತೆ ಉಂಡೆ ಆಯಿತು. ಯಾವ ಮಗುವೂ ಹೆಣೆದದ್ದನ್ನು ಮನೆಗೆ ಒಯ್ಯಲಿಲ್ಲ. ನನಗೆ ಆಗ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಹೆಡ್ಮಾಸ್ಟರು ಅನಂತಯ್ಯ ಮಾಸ್ತರರು. ಬಾಯಿ ತುಂಬ ಎಲೆ ಅಡಿಕೆ, ನಾಲಿಗೆಯ ತುದಿಯಲ್ಲಿ ಕುಚೋದ್ಯ. ಒಳ್ಳೆಯವರೇ. ಆದರೆ ಎಡಗೈಯಲ್ಲಿ ಬಳಪ ಹಿಡಿದ ಮಗುವನ್ನು ಕಂಡರೆ ಮಾತ್ರ ಬೆರಳ ಗಂಟಿಗೆ ಬಾರಿಸುತ್ತಿದ್ದರು. ಹಾಗೆ ಪೆಟ್ಟು ತಿಂದು ತಿಂದು ಬಲಗೈಗೆ ಬಂದವಳು ಕಲ್ಯಾಣಿ. ಮೀಂಜ ಕಡೆಯ ತುಳು ಮಾತಾಡುವ ಮನೆಯವಳು, ನಾಲ್ಕನೆಯ ತರಗತಿ, ಹನ್ನೊಂದು ವರ್ಷ. ಬಲಗೈಯಲ್ಲಿ ಬರೆಯಲಿಕ್ಕೆ ಕಲಿತಳು, ಹೆಣಿಗೆ ಮಾತ್ರ ಬರಲಿಲ್ಲ. ನನ್ನ ಪಕ್ಕದಲ್ಲಿ ಕೂರಿಸಿ, ಕೈ ಹಿಡಿದು ಮಾಡಿಸಿ ಸಾಕಾಯಿತು. ಮೂರು ವಾರ ಕಳೆದರೂ ಬರೀ ಗಂಟು.

"ನಿನ್ನ ತಲೆಯಲ್ಲಿ ಎಂತ ಉಂಟು ಮಾರಾಯ್ತಿ, ಹುಲ್ಲಾ?" ಎಂದು ಒಂದು ದಿನ ಸಿಟ್ಟಿನಲ್ಲಿ ಬೈದೆ. ಬೈದು, ಅವಳ ಗಂಟು ಬಿಡಿಸಲಿಕ್ಕೆ ಅವಳ ಎದುರು ನೆಲದಲ್ಲಿ ಕೂತೆ. ಬಿಡಿಸಿ ಒಂದು ಸಾಲು ಹೆಣೆದು ತೋರಿಸಿದೆ. ತಲೆ ಎತ್ತಿ ನೋಡಿದರೆ ಅವಳು ಇನ್ನೊಂದು ಜೋಡಿ ಕಡ್ಡಿ ಹಿಡಿದು, ಕನ್ನಡಿಯಲ್ಲಿ ಕಂಡ ಹಾಗೆ, ಎಡಗೈಯಲ್ಲಿ ಸರಸರನೆ ಹೆಣೆಯುತ್ತಿದ್ದಾಳೆ! ನನ್ನ ಬಲಕ್ಕೆ ಅವಳ ಎಡ. ಮೂರು ವಾರ ಪಕ್ಕದಲ್ಲಿ ಕೂತು ಕಲಿಸಿದ್ದು ನನ್ನ ತಪ್ಪು, ಹುಲ್ಲು ಇದ್ದದ್ದು ನನ್ನ ತಲೆಯಲ್ಲಿ. ಎಡಗೈಯ ಮಕ್ಕಳಿಗೆ ಎದುರು ಕೂತು ಕಲಿಸಬೇಕು. ಯಾವ ಟ್ರೇನಿಂಗ್ ಶಾಲೆಯಲ್ಲೂ ಇದನ್ನು ಹೇಳಿರಲಿಲ್ಲ.

ಆ ಮೇಲೆ ಅವಳನ್ನು ಹಿಡಿಯುವವರಿಲ್ಲ. ನವರಾತ್ರಿಯ ಹೊತ್ತಿಗೆ ಅವಳ ಕೈ ನನ್ನ ಕೈಗಿಂತ ಹದವಾಗಿತ್ತು. ಆಗಲೇ ಅವಳು ತಾಯಿಯ ವಿಷಯ ಎತ್ತಿ ಕೇಳಿದ್ದು: "ಟೀಚರ್, ನಮ್ಮ ಅಪ್ಪೆಗೆ ಮಗು ಆಗ್ಲಿಕ್ಕೆ ಉಂಟು. ನಾನೊಂದು ಕುಲಾವಿ ಮಾಡ್ಲಾ? ತೊಟ್ಟಿಲಿಗೆ ಹಾಕುವ ದಿನ ಮಗುವಿನ ತಲೆಗೆ ಹಾಕ್ಲಿಕ್ಕೆ."

ಕುಲಾವಿ ನಮ್ಮ ಊರಿನವರಿಗೆ ಉಣ್ಣೆಯಿಂದ ಆಗುವ ಒಂದೇ ಉಪಕಾರ. ಎಷ್ಟೇ ಸೆಕೆ ಇರಲಿ, ಎಳೆಮಗುವಿನ ಕಿವಿಗೆ ಗಾಳಿ ಹೋಗಬಾರದು ಎಂಬುದು ನಮ್ಮ ಹೆಂಗಸರ ವೇದವಾಕ್ಯ. ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು. "ಮಾಡು. ಚಂದ ಆದರೆ ಬಿಚ್ಚುವುದು ಬೇಡ. ಅದು ನಿನಗೇ" ಎಂದುಬಿಟ್ಟೆ. ಅವಳು ಆ ಮಾತನ್ನು ಮನೆಯಲ್ಲಿ ಹೇಳಿದಳು, ಮನೆಯವರು ನೆರೆಕರೆಗೆ ಹೇಳಿದರು. ಶಾಲೆಯಿಂದ ಮಗುವಿಗೆ ಟೊಪ್ಪಿ ಬರುತ್ತದೆ ಎಂದು ಅವಳ ತಾಯಿ ಕಾದು ಕೂತಿದ್ದರು.

ಅಷ್ಟರಲ್ಲಿ ಬಂತು ಎರಡನೆಯ ಮಹಾಯುದ್ಧದ ಕಾಲುಚೀಲ. ಮೇಲಿನಿಂದ ಬಂದ ಉಣ್ಣೆಯನ್ನು ಅನಂತಯ್ಯ ಮಾಸ್ತರರು ನನ್ನ ಮೇಜಿನ ಮೇಲೆ ಇಟ್ಟು, "ಟೀಚರೇ, ಸಿಪಾಯಿಗಳಿಗೆ ಹನ್ನೆರಡು ಜೊತೆ ಕಾಲುಚೀಲ ಬೇಕಂತೆ. ನಿಮ್ಮ ಕೈಯಲ್ಲಿ ಉಂಟು ಈಗ ಯುದ್ಧ" ಎಂದರು. ಜೊತೆಗೆ ಅಳತೆಯ ಒಂದು ಚೀಟಿ ಇತ್ತು. ನಾನು ಅದನ್ನು ನೋಡಿ, ಇದು ಬಿಳಿಯರ ಕಾಲಿನ ಅಳತೆ, ನಮ್ಮ ಸಿಪಾಯಿಗಳ ಕಾಲು ಇಷ್ಟು ಸಪೂರ ಇರಲಿಕ್ಕಿಲ್ಲ ಎಂದು ತೀರ್ಮಾನಿಸಿದೆ. ನಮ್ಮ ಊರಿನಲ್ಲಿ ಬೂಟು ಹಾಕಿದ ಒಂದು ಕಾಲು ಇದ್ದರೆ ತಾನೇ ಹೋಲಿಸಿ ನೋಡುವುದು! ಮಂಜೇಶ್ವರದ ಕಡವಿನಲ್ಲಿ ದೋಣಿ ದಾಟಿಸುವ ಬಾಬುವಿನ ಕಾಲು ಅಳೆದೆ. ಹುಟ್ಟಿದಂದಿನಿಂದ ಚಪ್ಪಲಿ ಕಾಣದ ಕಾಲು, ಹುಟ್ಟಿನ ಹಲಗೆಯಷ್ಟು ಅಗಲ. ಬಾಬು ಹೆಮ್ಮೆಯಿಂದ ಬೆರಳು ಅಗಲಿಸಿ ನಿಂತ. ಅವನ ಅಳತೆಗೆ ಹನ್ನೆರಡು ಜೊತೆ ಹೆಣೆದೆವು.

ಮುಗಿದಾಗ ಮಕ್ಕಳ ಕೈಯ ಎಣ್ಣೆ ಹತ್ತಿ ಅವು ಕೊಳೆಯಾಗಿದ್ದವು. ಬಟ್ಟೆ ಒಗೆಯುವ ಮುತ್ತಕ್ಕನನ್ನು ಕರೆದು, "ಚೆನ್ನಾಗಿ ಬೇಯಿಸು" ಎಂದೆ. ಹತ್ತಿಬಟ್ಟೆಯನ್ನು ಬೇಯಿಸಿಯೇ ಒಗೆಯುವುದು ನಮ್ಮ ಕ್ರಮ. ಮುತ್ತಕ್ಕ ನಾನು ಹೇಳಿದ ಹಾಗೆ ಹಂಡೆಯಲ್ಲಿ ಸೋಡ ಹಾಕಿ ಕುದಿಸಿ, ಬಡಿದು, ಬಿಸಿಲಿಗೆ ಒಣಗಿಸಿ ತಂದಳು. ಬಾಬುವಿನ ಹುಟ್ಟಿನಗಲದ ಕಾಲುಚೀಲಗಳು ನನ್ನ ಅಂಗೈಯಷ್ಟಾಗಿದ್ದವು. ಅಡಿಕೆ ಹಾಳೆಯ ಹಾಗೆ ಗಟ್ಟಿ. ಉಣ್ಣೆಯನ್ನು ಕುದಿಸಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ ಎಂದು ನನಗೆ ಅವತ್ತು ಗೊತ್ತಾಯಿತು. ಬಿಚ್ಚಲಿಕ್ಕೂ ಬರುವುದಿಲ್ಲ.

"ಟೀಚರೇ, ಎಂತ ಇದು?" ಮಾಸ್ತರರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಸಿಪಾಯಿಗೆ ಹಾಕ್ಲಿಕ್ಕಾ, ಚಾ ಸೋಸ್ಲಿಕ್ಕಾ?"

"ಬೇರೆ ಮಾಡಿ ಕೊಡ್ತೇನೆ ಮಾಸ್ತ್ರೇ. ನನ್ನ ಹತ್ತಿರ ಸ್ವಂತ ಉಣ್ಣೆ ಉಂಟು" ಎಂದೆ. ಸುಳ್ಳು. ಮಂಗಳೂರಿಗೆ ಹೋಗಿ ಅಂಗಡಿ ಅಂಗಡಿ ಹುಡುಕಿದೆ. "ಉಣ್ಣೆಯಾ? ಇಲ್ಲಿ ಅಕ್ಕಿಗೇ ಗತಿ ಇಲ್ಲ ಅಮ್ಮಾ" ಎಂದು ಅಂಗಡಿಯವರು ಕೈ ಆಡಿಸಿದರು. ಕೊನೆಗೆ ಬೇರೆ ದಾರಿ ಕಾಣದೆ ಶಾಲೆಯ ಪೆಟ್ಟಿಗೆಗೆ ಕೈ ಹಾಕಿದೆ. ಈ ಸಲ ಚೀಟಿಯ ಅಳತೆಗೇ ಹನ್ನೆರಡು ಜೊತೆ ಹೆಣೆದು ಕಳಿಸಿದೆ. ಯುದ್ಧ ಹೇಗೋ ಮುಂದೆ ನಡೆಯಿತು, ನನ್ನ ಪೆಟ್ಟಿಗೆ ಮುಕ್ಕಾಲು ಖಾಲಿಯಾಯಿತು.

ಮಾರ್ಚಿನಲ್ಲಿ ಮಾಸ್ತರರು ತರಗತಿಯ ಬಾಗಿಲಿಗೆ ಬಂದು, "ಮುಂದಿನ ಸೋಮವಾರ ಇನ್‌ಸ್ಪೆಕ್ಟ್ರೆಸ್ ಬರ್ತಾರೆ. ಕ್ರಾಫ್ಟಿನ ಪೆಟ್ಟಿಗೆ ತೆಗೆದು ನೋಡ್ತಾರಂತೆ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಪೆಟ್ಟಿಗೆಯ ಮೇಲೆ ಕೈ ಇಟ್ಟೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸರ್ಕಾರಿ ಸೊತ್ತು ಕಾಣೆಯಾದರೆ ಮನೆಗೇ ಹೋಗಬೇಕು. ನಿಜ ಹೇಳಿದ್ದರೆ ಮಾಸ್ತರರು ಒಂದು ಕುಚೋದ್ಯ ಮಾಡಿ ಹೇಗಾದರೂ ಪಾರು ಮಾಡುತ್ತಿದ್ದರು ಎಂದು ಈಗ ಅನಿಸುತ್ತದೆ. ಆಗ ನನಗೆ ಹೇಳುವ ಧೈರ್ಯ ಬರಲಿಲ್ಲ.

ನಾನು ಮಾಡಿದ್ದು ಹೀಗೆ. ತೆಂಗಿನ ನಾರನ್ನು ಗಟ್ಟಿಯಾಗಿ ಉಂಡೆ ಕಟ್ಟಿ, ಅದರ ಮೇಲೆ ಉಳಿದ ಉಣ್ಣೆಯನ್ನು ತೆಳ್ಳಗೆ ಸುತ್ತಿದೆ. ಹೊರಗಿನಿಂದ ನೋಡಿದರೆ ತುಂಬಿದ ಉಂಡೆ. ಒಳಬದಿ ಮೊದಲು ನೋಡಿ ಎಂದು ಊರಿಗೆಲ್ಲ ಬೋಧಿಸಿದವಳು! ಮಕ್ಕಳ ಕೆಲಸಗಳನ್ನೂ ಬಿಚ್ಚಿಸಿ ಏಳು ಉಂಡೆ ಮುಚ್ಚಿಯಾಯಿತು. ಎಂಟನೆಯದರ ನಾರು ಅರ್ಧ ಹೊರಗೆ ಕಾಣುತ್ತಿತ್ತು. ಶಾಲೆಯಲ್ಲಿ ಬಿಚ್ಚದೆ ಉಳಿದದ್ದು ಒಂದೇ, ಕಲ್ಯಾಣಿಯ ಕುಲಾವಿ.

ಅವಳ ತಮ್ಮ ಹುಟ್ಟಿ ಆಗ ಕೆಲವೇ ದಿನ. ಆ ವಾರವೇ ತೊಟ್ಟಿಲು ಶಾಸ್ತ್ರ. ಅವಳು ಟೊಪ್ಪಿಯನ್ನು ಬಾಳೆಲೆಯಲ್ಲಿ ಸುತ್ತಿ, ಮನೆಗೆ ಒಯ್ಯಲಿಕ್ಕೆಂದು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಕಲ್ಯಾಣಿ, ಅದನ್ನು ಬಿಚ್ಚಬೇಕು" ಎಂದೆ.

ಅವಳು ನನ್ನ ಮುಖ ನೋಡಿದಳು. "ನೀವು ಕೊಡ್ತೇನೆ ಅಂದಿದ್ರಿ ಟೀಚರ್."

"ಶಾಲೆಯದ್ದು ಶಾಲೆಗೆ. ಬಿಚ್ಚು."

ಅವಳು ಬಾಳೆಲೆ ತೆಗೆದಳು. ಕೊನೆಯ ಗಂಟು ಬಿಡಿಸಿ ಎಳೆದಳು. ಕುಲಾವಿ ಮೇಲಿನಿಂದ ಕರಗುತ್ತಾ ಬಂತು. ನಾನು ಎಂಟನೆಯ ಉಂಡೆಯನ್ನು ಅವಳ ಕೈಗೆ ಕೊಟ್ಟೆ, ಅವಳು ಅದರ ಮೇಲೆ ಸುತ್ತಿದಳು. ಅಳಲಿಲ್ಲ. ಸುತ್ತಿ ಮುಗಿಸಿ, ಎಳೆಯ ತುದಿಯನ್ನು ನೀಟಾಗಿ ಒಳಗೆ ಸಿಕ್ಕಿಸಿ ನನ್ನ ಕೈಯಲ್ಲಿಟ್ಟು ಹೋದಳು. ಬಾಳೆಲೆ ಬೆಂಚಿನ ಮೇಲೆ ಉಳಿಯಿತು.

ಸೋಮವಾರ ಇನ್‌ಸ್ಪೆಕ್ಟ್ರೆಸ್ ಬಂದರು. ಎಳನೀರು ಕುಡಿದರು, ಮಕ್ಕಳ ಹಾಡು ಕೇಳಿದರು, ತಮ್ಮ ಕೊಡೆಯನ್ನು ನನ್ನ ಪೆಟ್ಟಿಗೆಯ ಮೇಲೆ ಇಟ್ಟು ಹೊರಡುವಾಗ ತೆಗೆದುಕೊಂಡರು. ಪೆಟ್ಟಿಗೆ ತೆಗೆಯಲೇ ಇಲ್ಲ.

ಬೇಸಗೆ ರಜೆ ಮುಗಿದ ಮೇಲೆ ಕಲ್ಯಾಣಿ ಶಾಲೆಗೆ ಬರಲಿಲ್ಲ. ವಿಚಾರಿಸಿದಾಗ, "ಇನ್ನು ಬರುವುದಿಲ್ಲವಂತೆ" ಎಂದರು ಮಕ್ಕಳು. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ. ಗೊತ್ತೇ ಉಂಟಲ್ಲ ಎಂದುಕೊಂಡೆ.

ಸಂಬಳ ಉಳಿಸಿ, ಯುದ್ಧ ಮುಗಿದ ಮೇಲೆ ಉಣ್ಣೆ ತಂದು ಆ ನಾರಿನ ಉಂಡೆಗಳನ್ನು ಒಂದೊಂದಾಗಿ ಬದಲಾಯಿಸಿದೆ. ಸ್ವಾತಂತ್ರ್ಯ ಬಂತು. ಜೊತೆಗೆ ತಕಲಿ ಬಂತು. ಹೆಣಿಗೆ ಪರದೇಶಿ ವಿದ್ಯೆ, ಇನ್ನು ಮಕ್ಕಳು ನೂಲು ತೆಗೆಯಲಿ ಎಂದರು. ನಾನೂ ತಕಲಿ ತಿರುಗಿಸಿದೆ. ನನ್ನ ನೂಲು ಮೊಳಕ್ಕೊಮ್ಮೆ ತುಂಡಾಗುತ್ತಿತ್ತು, ಮಕ್ಕಳಿಗೆ ಅದೇ ಮನರಂಜನೆ. ಆದರೂ ವಾರಕ್ಕೊಂದು ದಿನ ಪೆಟ್ಟಿಗೆ ತೆರೆಯುವುದನ್ನು ಬಿಡಲಿಲ್ಲ. ಬಿಚ್ಚುವ ಪದ್ಧತಿ ಹಾಗೆಯೇ ಇತ್ತು. ನಾನು ಬದಲಾಯಿಸಿದ್ದು ಇಷ್ಟೇ, ಮತ್ತೆ ಯಾವ ಮಗುವಿನ ಕೈಯಿಂದಲೂ ಬಿಚ್ಚಿಸಲಿಲ್ಲ. ಮಕ್ಕಳು ರಜೆಗೆ ಹೋದ ಮೇಲೆ ನಾನೇ ಕೂತು ಬಿಚ್ಚುತ್ತಿದ್ದೆ. ಅದನ್ನೇ ದೊಡ್ಡ ಪ್ರಾಯಶ್ಚಿತ್ತ ಎಂದುಕೊಂಡಿದ್ದೆ, ಮೂರ್ಖಳು.

ನಾವು ಕೇರಳಕ್ಕೆ ಸೇರಿದ ಮರುವರ್ಷ ನಾಲ್ಕನೆಯ ತರಗತಿಗೆ ಶಾರದಾ ಎಂಬ ಹುಡುಗಿ ಬಂದಳು. ಕಚೇರಿಯ ಕಾಗದಗಳೆಲ್ಲ ಮಲಯಾಳದಲ್ಲಿ ಬರಲಿಕ್ಕೆ ಶುರುವಾಗಿ, ಅದನ್ನು ಯಾರಿಂದ ಓದಿಸುವುದು ಎಂದು ನಾವು ಪರದಾಡುತ್ತಿದ್ದ ಕಾಲ. ಮೊದಲ ದಿನವೇ ಈ ಹುಡುಗಿಗೆ ಹೆಣಿಗೆ ಬರುತ್ತಿತ್ತು. ಕಡ್ಡಿ ಹಿಡಿದ ರೀತಿ ನೋಡಿ ಅವಳ ಎದುರು ಹೋಗಿ ಕೂತೆ. ಎಡಗೈ.

"ನೀನು ಎಡಗೈಯವಳಾ?"

"ಅಲ್ಲ ಟೀಚರ್" ಎಂದು ಬಲಗೈಯಲ್ಲಿ ಹೆಸರು ಬರೆದು ತೋರಿಸಿದಳು. ಬರೆಯುವುದು ಬಲ, ಉಣ್ಣುವುದು ಬಲ. ಹೆಣಿಗೆ ಮಾತ್ರ ಎಡ.

"ಮತ್ತೆ ಇದು?"

"ಅಮ್ಮನ ಪಕ್ಕ ಕೂತು ಕಲಿತದ್ದು. ಅಮ್ಮ ಹೀಗೇ ಮಾಡುವುದು."

ಅಮ್ಮನ ಹೆಸರು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. ಕಲ್ಯಾಣಿ. ಮದುವೆಯಾಗಿ ಹೊಸಂಗಡಿಯ ಹತ್ತಿರವೇ ಇದ್ದಳು. ಇಷ್ಟು ವರ್ಷ ಒಂದೇ ದಾರಿಯಲ್ಲಿ ನಡೆದಿದ್ದರೂ ನಾನು ಅವಳನ್ನು ಕಂಡಿರಲಿಲ್ಲ. ಅಥವಾ ಕಾಣದ ಹಾಗೆ ನಡೆದಿದ್ದೆ.

ಶಾರದಾ ಆ ವರ್ಷ ಒಂದು ಟೊಪ್ಪಿ ಹೆಣೆದಳು. ಮಾರ್ಚಿನಲ್ಲಿ ಮಾರ್ಕು ಹಾಕಿ ಅವಳ ಕೈಗೆ ಕೊಟ್ಟು, ಬೇರೆ ಮಕ್ಕಳ ಕಡೆ ತಿರುಗಿದೆ. ಪುನಃ ನೋಡುವಾಗ ಅವಳು ಗಂಟು ಬಿಡಿಸಿ ಎಳೆಯುತ್ತಿದ್ದಾಳೆ! ಮೂರು ಸಾಲು ಹೋಗಿಯಾಗಿತ್ತು.

"ಏಯ್, ಯಾರು ಬಿಚ್ಚಲಿಕ್ಕೆ ಹೇಳಿದ್ದು?"

"ಶಾಲೆಯದ್ದು ಶಾಲೆಗೆ ಅಂತ ಅಮ್ಮ ಹೇಳಿದ್ದಾರೆ. ಟೀಚರ್ ಕೇಳುವ ಮೊದಲೇ ಬಿಚ್ಚಿ ಕೊಡಬೇಕಂತೆ." ನನ್ನ ಮುಖ ನೋಡಿ ಅವಳೇ ನನಗೆ ಸಮಾಧಾನ ಹೇಳಿದಳು: "ನನಗೆ ಬೇಜಾರಿಲ್ಲ ಟೀಚರ್. ಬಿಚ್ಚುವುದು ಮನೆಯಲ್ಲಿ ಅಭ್ಯಾಸ ಮಾಡಿದ್ದೇನೆ."

ನಾನು ಅವಳ ಕೈಯಿಂದ ಟೊಪ್ಪಿ ಕಿತ್ತುಕೊಂಡೆ. ಬಿಟ್ಟ ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಏರಿಸಿ ಆ ಮೂರು ಸಾಲು ನಾನೇ ಹೆಣೆದೆ. ಕಣ್ಣು ಮಂಜಾಗಿತ್ತು, ಹೇಗೋ ಮುಗಿಸಿ ಗಂಟು ಹಾಕಿದೆ. ಪೆಟ್ಟಿಗೆಯಲ್ಲಿ ಕಡಿಮೆಯಾದದ್ದಕ್ಕೆ ಇಲಿ ಕಡಿಯಿತು ಎಂದು ಬರೆದರಾಯಿತು. ಮಲಯಾಳದಲ್ಲಿ ಇಲಿಗೆ ಎಂತ ಹೇಳುವುದು ಎಂದು ಮಾತ್ರ ಯಾರಲ್ಲಾದರೂ ಕೇಳಬೇಕಿತ್ತು. ಶಾಲೆ ಬಿಟ್ಟ ಮೇಲೆ ಹುಡುಗಿಯ ಕೈ ಹಿಡಿದು ಅವಳ ಮನೆಗೆ ನಡೆದೆ.

ಕಲ್ಯಾಣಿ ಅಂಗಳದಲ್ಲಿ ಬತ್ತ ಹರಡುತ್ತಿದ್ದಳು. ನನ್ನನ್ನು ಕಂಡು ಸೆರಗಿಗೆ ಕೈ ಒರಸಿಕೊಂಡು, "ಯೇ, ಟೀಚರ್! ಬನ್ನಿ, ಕೂತ್ಕೊಳ್ಳಿ" ಎಂದು ಜಗಲಿಗೆ ಚಾಪೆ ಹಾಕಿದಳು. ನಾನು ಕೂರಲಿಲ್ಲ. ಕೂತರೆ ಹೇಳಲಿಕ್ಕೆ ಆಗುವುದಿಲ್ಲ ಎಂದು ಗೊತ್ತಿತ್ತು.

"ಕಲ್ಯಾಣಿ, ಅವತ್ತು ಉಣ್ಣೆ ಮುಗಿಸಿದ್ದು ನಾನು. ಕಾಲುಚೀಲ ಕುದಿಸಿ ಹಾಳು ಮಾಡಿದೆ. ನನ್ನ ತಪ್ಪು ಮುಚ್ಚಲಿಕ್ಕೆ ನಿನ್ನ ಕುಲಾವಿ ಬಿಚ್ಚಿಸಿದೆ. ಅದಕ್ಕೇ ನೀನು ಶಾಲೆ ಬಿಟ್ಟೆ ಅಲ್ವಾ?"

"ಅದಕ್ಕಲ್ಲ ಟೀಚರ್. ಅಪ್ಪೆಗೆ ಬಾಣಂತನದಲ್ಲಿ ಜ್ವರ ಬಂದು ಏಳ್ಲಿಕ್ಕೆ ಆಗ್ಲಿಲ್ಲ, ಮಗುವನ್ನು ನೋಡುವವರು ಯಾರು? ತಮ್ಮ ಈಗ ಮಂಗಳೂರಲ್ಲಿ ಹೋಟ್ಲಲ್ಲಿ ಇದ್ದಾನೆ, ಒಳ್ಳೆ ಗಟ್ಟಿ ಇದ್ದಾನೆ." ಬತ್ತಕ್ಕೆ ಬಂದ ಕೋಳಿಯನ್ನು ಓಡಿಸಿದಳು. "ಉಣ್ಣೆಯದ್ದು ನನಗೆ ಆಗಲೇ ಗೊತ್ತಿತ್ತು. ಸುತ್ತುವಾಗ ಉಂಡೆಯ ಒಳಗೆ ನಾರು ಕಂಡಿತ್ತಲ್ಲ."

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ನನಗೆ ಐದನೆಯದಕ್ಕೆ ಬರ್ಲಿಕ್ಕೆ ಇತ್ತಲ್ಲ. ನೀವು ಹೋದ್ರೆ ನನ್ನ ಎದುರು ಕೂತು ಕಲಿಸುವವರು ಯಾರು ಟೀಚರ್?"

ಹನ್ನೊಂದು ವರ್ಷದ ಹುಡುಗಿ. ಅವತ್ತು ಆ ಎಂಟನೆಯ ಉಂಡೆಯ ನಾರು ಕಾಣದ ಹಾಗೆ ತುದಿ ಸಿಕ್ಕಿಸಿ ಕೊಟ್ಟದ್ದು ಅದಕ್ಕೆ. ನಾನು ಅಲ್ಲಿಯೇ ಜಗಲಿಯಲ್ಲಿ ಕೂತು, ನಾಚಿಕೆ ಬಿಟ್ಟು ಅತ್ತೆ. ಅವಳು ಒಳಗೆ ಹೋಗಿ ಬೆಲ್ಲ ನೀರು ತಂದಿಟ್ಟಳು.

ಆಮೇಲೆ ಟೊಪ್ಪಿ ಕೊಟ್ಟೆ. "ಇದು ನಿಮ್ಮ ಮನೆಗೆ. ಶಾಲೆಗೆ ಬೇಡ."

ಕಲ್ಯಾಣಿ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. ಹೊರಬದಿ ನೋಡಲಿಲ್ಲ. ಮೊದಲು ತಿರುವಿ ಒಳಬದಿ ನೋಡಿದಳು, ಬೆರಳಾಡಿಸುತ್ತಾ ಮೇಲೆ ಬಂದವಳು ನಿಂತಳು.

"ಈ ಮೂರು ಸಾಲು ಮಗಳ ಕೈಯದ್ದಲ್ಲ."

"ಅಲ್ಲ. ನನ್ನದು."

"ಇಲ್ಲಿ ಒಂದು ಕುಣಿಕೆ ತಿರುಚಿಕೊಂಡಿದೆ ಟೀಚರ್." ನಗು ತಡೆದುಕೊಂಡು ನನ್ನನ್ನು ನೋಡಿದಳು. "ಬಿಚ್ಚಿ ಸರಿ ಮಾಡ್ಲಾ?"

"ಬೇಡ ಮಾರಾಯ್ತಿ" ಎಂದೆ. "ತಪ್ಪು ಇರ್ಲಿ. ಬಿಚ್ಚುವುದು ಬೇಡ."

ಅವಳು ಟೊಪ್ಪಿಯನ್ನು ಶಾರದಾಳ ತಲೆಗೆ ಹಾಕಿ ಕಿವಿ ಮುಚ್ಚುವ ಹಾಗೆ ಕೆಳಗೆ ಎಳೆದಳು. ಮಾರ್ಚಿನ ಸೆಕೆ. ಹುಡುಗಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. ನಾನು ಹೊರಟು ಗೇಟು ದಾಟುವವರೆಗೂ ಶಾರದಾ ಅದನ್ನು ತೆಗೆಯಲಿಲ್ಲ.